ಮಿಸ್ಟರ್ ಎಜ್ರಾಗೆ ನಾವು ತಾಳ ಹಾಕಿದ ಸಂಜೆ

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ಸಂಗೀತ ಸಂಜೆಯಲ್ಲಿ ಹಾಲ್ ತುಂಬ ಇದ್ದ ಜನರೆಲ್ಲ ಸೇರಿ ಒಬ್ಬ ಹಿರಿಯರಿಗೆ ಸಹಾಯ ಮಾಡಿದೆವು. ಅವರು ಸಹಾಯ ಕೇಳಿರಲಿಲ್ಲ.

ಹಿರಿಯರ ಹೆಸರು ಮಿಸ್ಟರ್ ಎಜ್ರಾ. ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್ ಹತ್ತಿರ ನಾನು ಕೆಲಸ ಮಾಡುವ ಲೈಬ್ರರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಡೀನಾ ಇವರ ಮೊಮ್ಮಗಳು. ಎಂಬತ್ತು ದಾಟಿದ, ತೆಳ್ಳಗಿನ, ಬಹಳ ಮರ್ಯಾದಸ್ಥ ಕಪ್ಪು ಮನುಷ್ಯ. ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ನೋವಿನ ಹಾಡು, ಹಾಡುವವರು. ಹರೆಯದಲ್ಲಿ ಗಿಟಾರ್ ಹಿಡಿದು ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿ ಅವರದೇ ವಯಸ್ಸಿನ ಬಿಳಿ ಹುಡುಗರು ಹೋಟೆಲ್ ರೂಮಿನ ನೆಲದ ಮೇಲೆ ಕೂತು, ಇವರ ಬೆರಳನ್ನೇ ನೋಡಿ ನೋಡಿ ಕಲಿತರಂತೆ. ಆಮೇಲೆ ಆ ಹುಡುಗರು ಬ್ಯಾಂಡ್ ಕಟ್ಟಿದರು, ವಿಮಾನ ಕೊಳ್ಳುವಷ್ಟು ದೊಡ್ಡವರಾದರು. ಇವರು ನ್ಯೂಜೆರ್ಸಿಗೆ ಮರಳಿ ಬಸ್ ಓಡಿಸಿದರು.

ಇಷ್ಟೇ ಆಗಿದ್ದರೆ ಇದು ಹಳೇ ಕಥೆ. (ಯಾರದೋ ವಿದ್ಯೆ, ಇನ್ಯಾರದೋ ಬಂಗಲೆ. ನಮಗೇನು ಹೊಸದಾ?) ಡೀನಾಳ ಸಂಕಟ ಬೇರೆ ಇತ್ತು.

ಅವಳ ತಾತ ತಾಳದ ಲೆಕ್ಕಕ್ಕೆ ನುಡಿಸುವವರಲ್ಲ. ಒಂದು ಸಾಲು ಹಾಡುತ್ತಾರೆ. ಆಮೇಲೆ ಕಾಯುತ್ತಾರೆ. ಎಷ್ಟು ಹೊತ್ತು? ಆ ಸಾಲು ಎದೆಯಲ್ಲಿ ಇಳಿಯುವಷ್ಟು ಹೊತ್ತು. ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಇಂಗ್ಲೆಂಡಿನ ಹುಡುಗರು ಅವರಿಂದ ಎಲ್ಲ ಕಲಿತರು, ಈ ಕಾಯುವುದನ್ನು ಬಿಟ್ಟು. ಡ್ರಮ್ ಬಾರಿಸುವವನು, ಬೇಸ್ ಗಿಟಾರ್ ನುಡಿಸುವವನು ಎಲ್ಲರೂ ಒಟ್ಟಿಗೆ ಮುಂದಿನ ಸಾಲಿಗೆ ತಿರುಗಬೇಕಲ್ಲ? ಹಾಗಾಗಿ ಅಳತೆ ಹಾಕಿ, ಸಮ ಮಾಡಿಕೊಂಡರು. ಆ ಸಮ ಮಾಡಿದ್ದೇ ಜಗತ್ತಿಗೆಲ್ಲ ಬ್ಲೂಸ್ ಆಯಿತು, ಹಡಗು ಹತ್ತಿ ಅಮೆರಿಕಕ್ಕೂ ವಾಪಸ್ ಬಂತು. ಕೊನೆಗೆ ಇಲ್ಲಿಯ ಹೊಸ ಹುಡುಗರೇ ಇವರಿಗೆ, ನಿಮಗೆ ಲೆಕ್ಕ ತಪ್ಪುತ್ತದೆ ಎಂದು ಹೇಳಿ ಕಳಿಸುವಂತಾಯಿತು!

ಇವರ ಹಳೆಯ ರೆಕಾರ್ಡುಗಳಲ್ಲೂ ಪಕ್ಕದಲ್ಲಿ ಆ ಹುಡುಗರೇ ಇದ್ದಾರೆ. ಅಂದರೆ ಮಿಸ್ಟರ್ ಎಜ್ರಾ ತಮ್ಮ ರೀತಿಯಲ್ಲಿ ನುಡಿಸಿದ್ದು ಜಗತ್ತಿನಲ್ಲಿ ಎಲ್ಲೂ ಇಲ್ಲ. ಮೇಲಾಗಿ ಅವರಿಗೆ ಕೀಲುವಾತ. ಬೆರಳಿನ ಕೀಲುಗಳನ್ನು ಕೂಡಿಸುವ ಆಪರೇಶನ್ ನಿಗದಿಯಾಗಿತ್ತು. ನೋವು ಹೋಗುತ್ತದೆ, ಜೊತೆಗೆ ಬೆರಳು ಬಗ್ಗುವುದೂ ಹೋಗುತ್ತದೆ. ಅಷ್ಟರೊಳಗೆ ಒಂದೇ ಒಂದು ಸಲ, ಒಬ್ಬರೇ ನುಡಿಸಿದ್ದನ್ನು ರೆಕಾರ್ಡ್ ಮಾಡಬೇಕು ಅನ್ನುವುದು ಡೀನಾಳ ಆಸೆ. ಆದರೆ ಖಾಲಿ ರೂಮಿನಲ್ಲಿ ಅವರಿಗೆ ಆಗದು. ಎದುರಿಗೆ ಕೇಳುವವರೇ ಇಲ್ಲದಿದ್ದರೆ ಯಾರಿಗೋಸ್ಕರ ಕಾಯಲಿ ಎನ್ನುತ್ತಾರೆ.

ನಾನು ಕೂಟದ ಕಲ್ಚರಲ್ ಕಮಿಟಿಯವಳು. ನಮ್ಮಲ್ಲಿಗೆ ಬನ್ನಿ ಎಂದೆ. ನಮ್ಮವರು ಕಛೇರಿ ಕೇಳಿ ಬೆಳೆದವರು, ಕಿವಿ ಇರುವವರು ಎಂದು ಜಂಬ ಕೊಚ್ಚಿಕೊಂಡೆ.

ಆ ಸಂಜೆ ಮಕ್ಕಳ ದೇವರನಾಮ ಮುಗಿದ ಮೇಲೆ ಮಿಸ್ಟರ್ ಎಜ್ರಾ ಸ್ಟೇಜಿಗೆ ಬಂದು ಕುರ್ಚಿಯಲ್ಲಿ ಕೂತರು. ಡೀನಾ ರೆಕಾರ್ಡರ್ ಹಿಡಿದು ಪಕ್ಕದಲ್ಲಿ ನಿಂತಳು. ಮೊದಲ ಸಾಲು ಹಾಡಿದರು. ಕಾದರು. ನನಗೆ ಮೈ ಜುಮ್ಮೆಂದಿತು.

ಸ್ಟೇಜಿನ ಎದುರಿಗೇ ಕೂತಿದ್ದ ನಾಗರಾಜ್ ಅಂಕಲ್ ಬಲಗೈ ತೊಡೆಯ ಮೇಲೆ ಬಂತು. ಅವರು ಮೈಸೂರಿನವರು, ನಮ್ಮ ಕೂಟದ ಮಹಾ ರಸಿಕರು, ಮುಂದಿನ ಸಾಲಿನ ಮೂಲೆ ಸೀಟು ಅವರದೇ. ಆದಿತಾಳ ಹಾಕತೊಡಗಿದರು. ಎಂಟು ಎಣಿಕೆಯ ಆ ಆವರ್ತ ಮುಗಿಯುವ ಮೊದಲೇ ಮಿಸ್ಟರ್ ಎಜ್ರಾ ಮುಂದಿನ ಸಾಲು ಎತ್ತಿಕೊಂಡರು. ಅಂಕಲ್ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿದ್ದ ನಮ್ಮ ಮನೆಯವರು ಅವರ ಮುಖ ನೋಡಿ ಮುಗುಳ್ನಕ್ಕರು. ಆಮೇಲಿನ ಸಾಲಿನಲ್ಲಿ ಆವರ್ತ ಮುಗಿದರೂ ಗಾಯಕರು ಕಾಯುತ್ತಲೇ ಇದ್ದರು. ಅಂಕಲ್‌ಗೆ ತಡೆಯಲಿಲ್ಲ. ಮೊದಲ ಸಲ ಸ್ಟೇಜ್ ಹತ್ತಿದ ಮಗು ತಡವರಿಸಿದರೆ ಏನು ಮಾಡುತ್ತೇವೆ? ಜೋರಾಗಿ ತಾಳ ತೋರಿಸುತ್ತೇವೆ. ಅದನ್ನೇ ಮಾಡಿದರು. ನಮ್ಮ ಮನೆಯವರು ಕೈ ಸೇರಿಸಿದರು. ನೋಡನೋಡುತ್ತ ಇಡೀ ಹಾಲ್ ತಟ್ಟತೊಡಗಿತು.

ಡೀನಾ ನನ್ನತ್ತ ನೋಡಿದಳು. ನಾನು ಎದ್ದು ನಿಂತು ಬೇಡ, ಬೇಡ ಎಂದು ಎರಡೂ ಕೈ ಬೀಸಿದೆ. ನಾನು ಹುರಿದುಂಬಿಸುತ್ತಿದ್ದೇನೆ ಅಂದುಕೊಂಡು ಹಿಂದಿನ ಸಾಲಿನ ಆಂಟಿಯರು ಇನ್ನೂ ಜೋರಾಗಿ ತಟ್ಟಿದರು.

ಮಿಸ್ಟರ್ ಎಜ್ರಾ ತಲೆ ಎತ್ತಿ ಒಮ್ಮೆ ನಮ್ಮೆಲ್ಲರನ್ನೂ ನೋಡಿದರು. ನಕ್ಕರು. ಅವರ ಕಾಲು ನಮ್ಮ ತಾಳಕ್ಕೆ ಸೇರಿಕೊಂಡಿತು. ಅಲ್ಲಿಂದ ಕೊನೆಯವರೆಗೂ ಲೆಕ್ಕ ಒಂದಿಷ್ಟೂ ಆಚೀಚೆ ಆಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಶಾಲು ಹೊದಿಸಿದ್ದಾಯಿತು, ಫೋಟೋ ಆಯಿತು.

ಊಟದ ಸಾಲಿನಲ್ಲಿ ನಾಗರಾಜ್ ಅಂಕಲ್ ನನ್ನ ಹತ್ತಿರ ಬಂದರು. "ಪಾಪ, ಮೊದಮೊದ್ಲು ಸ್ವಲ್ಪ ಲೆಕ್ಕ ತಪ್ತಿದ್ರು ಕಣಮ್ಮ. ಆಮೇಲೆ ನಾವು ಹಿಡ್ಕೊಂಡ್ವಲ್ಲ, ಸರಿಹೋಯ್ತು" ಎಂದರು. ಆ ಮುಖದಲ್ಲಿ ಬರೀ ಒಳ್ಳೆಯತನವಿತ್ತು. ಕೆಟ್ಟವರ ಜೊತೆ ಜಗಳವಾಡಬಹುದು. ಇವರ ಜೊತೆ ಏನು ಮಾಡುವುದು?

ಯಾಕೆ ನಮ್ಮನ್ನು ನಿಲ್ಲಿಸಲಿಲ್ಲ ಎಂದು ಮಿಸ್ಟರ್ ಎಜ್ರಾರನ್ನೇ ಕೇಳಿದೆ. ಬಿಸಿಬೇಳೆಬಾತಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅವರು ಹೇಳಿದ್ದಿಷ್ಟು: "ಲಂಡನ್ ಹುಡುಗರೂ ಹೀಗೇ ಇದ್ದರು. ಒಳ್ಳೆಯವರು. ಪ್ರೀತಿಯಿಂದ ಜೊತೆಗೆ ಬಂದವರನ್ನು ನಿಲ್ಲಿಸುವುದು ಹೇಗೆ ಅಂತ ನಾನು ಕಲಿಯಲೇ ಇಲ್ಲ."

ನಾವು ಹೀಗೇ ಅಲ್ಲವೇ? ಧಾರವಾಡದ ಗೆಳತಿ ನಾಟಕದ ರಿಹರ್ಸಲ್‌ನಲ್ಲಿ ತನ್ನ ಮಾತಿನಲ್ಲಿ ಡೈಲಾಗ್ ಹೇಳಿದರೆ ಕೂಡಲೇ ಬೆಂಗಳೂರಿನ ಮಾತಿಗೆ ತಿರುಗಿಸುತ್ತೇವೆ. ಎಲ್ಲರಿಗೂ ಅರ್ಥ ಆಗಲಿ ಅಂತ, ಪ್ರೀತಿಯಿಂದಲೇ. ನಮ್ಮದನ್ನು ಜಗತ್ತು ಕೆಡಿಸಿತು ಎಂದು ವಾಟ್ಸಾಪಿನಲ್ಲಿ ದಿನವಿಡೀ ಕೂಗಾಡುವವರೂ ನಾವೇ. ನನಗಂತೂ ನಮ್ಮ ಮೇಲಿನ ಭರವಸೆಯೇ ಹೋಗಿದೆ.

ಆಮೇಲೆ ಡೀನಾ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಮನೆಯಲ್ಲಿ ಇನ್ನೊಮ್ಮೆ ನುಡಿಸಲು ಕೇಳಿಕೊಂಡಳು. ತಾತ ಗಿಟಾರ್ ಎತ್ತಿಕೊಂಡರು, ಒಂದು ಸಾಲು ಹಾಡಿದರು, ಅಷ್ಟರಲ್ಲಿ ಬೆರಳು ಸೆಟೆದುಕೊಂಡಿತು. ಮಾರನೆಯ ವಾರ ಆಪರೇಶನ್ ಆಯಿತು. ಚೆನ್ನಾಗಿಯೇ ಆಯಿತಂತೆ. ಈಗ ನೋವಿಲ್ಲ.

ಉಳಿದದ್ದು ಆ ಸಂಜೆಯ ರೆಕಾರ್ಡಿಂಗ್ ಒಂದೇ. ವಿಷಯವೆಲ್ಲ ತಿಳಿದ ಮೇಲೆ ನಮ್ಮ ಮನೆಯವರು ಮುಖ ಸಣ್ಣದು ಮಾಡಿಕೊಂಡು ಇಡೀ ವೀಕೆಂಡ್ ಕಂಪ್ಯೂಟರ್ ಮುಂದೆ ಕೂತರು. ಅದ್ಯಾವುದೋ ಸಾಫ್ಟ್‌ವೇರ್ ಹಾಕಿ ನಮ್ಮ ಚಪ್ಪಾಳೆಯನ್ನೆಲ್ಲ ಅಳಿಸಿದರು. ಫೈಲನ್ನು ಡೀನಾಗೆ ಕಳಿಸಿದೆ. ಲಂಚ್ ಹೊತ್ತಿನಲ್ಲಿ ಅವಳು ಕೊನೆಯವರೆಗೂ ಕೇಳಿ, ಇಯರ್‌ಫೋನ್ ನನ್ನ ಕೈಗಿಟ್ಟಳು.

ಕೇಳಿದೆ. ಚಪ್ಪಾಳೆಯ ಸುಳಿವೂ ಇಲ್ಲ. ಒಬ್ಬರೇ ಹಾಡುತ್ತಿದ್ದಾರೆ. ಆ ಮೊದಲ ಕೆಲವು ಸಾಲು ಬಿಟ್ಟರೆ ಆಮೇಲೆ ಎಲ್ಲೂ ಯಾರಿಗೂ ಕಾಯುವುದಿಲ್ಲ.

ಹುಡುಕಿದರೂ ಲೆಕ್ಕದಲ್ಲಿ ಒಂದು ತಪ್ಪೂ ಸಿಗುವುದಿಲ್ಲ.