ಕಾರಿಲ್ಲದವರ ಕಾರಿನ ಜಾಗ

ಆ ಕಟ್ಟಡದ ನಕ್ಷೆ ಬರೆದ ಪುಣ್ಯಾತ್ಮ ಯಾರೋ, ಅವನು ಜನ್ಮದಲ್ಲಿ ಒಮ್ಮೆಯಾದರೂ ಕುರ್ಚಿಯ ಮೇಲೆ ಕೂತು ಕಿಟಕಿಯಾಚೆ ನೋಡಿದ್ದಾನೋ ಇಲ್ಲವೋ ಎಂಬುದು ಇಸ್ತ್ರಿ ಅಕ್ಕನ ಅನುಮಾನ. ಅನುಮಾನವೇನು ಬಂತು, ನೋಡಿಲ್ಲವೆಂದೇ ಅವಳು ತೀರ್ಮಾನಿಸಿಬಿಟ್ಟಿದ್ದಳು. ನೋಡಿದ್ದರೆ, ಒಂಬತ್ತನೇ ಮಹಡಿಯ ಆ ಒಂದೇ ಒಂದು ಕೋಣೆಗೆ ನಿಂತವರ ಎದೆಮಟ್ಟಕ್ಕೆ ಕಿಟಕಿ ಇಡುತ್ತಿದ್ದನೇ? ಕೂತವನಿಗೆ ಅದರಲ್ಲಿ ಕಾಣುವುದು ಬರೀ ಆಕಾಶ. ಅವಳ ಗಂಡನಿಗೆ ಕೂರುವುದು ಬಿಟ್ಟು ಬೇರೆ ಗತಿಯಿರಲಿಲ್ಲ.

ಗಂಡ ಒಂದು ಕಾಲಕ್ಕೆ ಬಸ್ ಕಂಡಕ್ಟರ್. ತುಂಬಿ ತುಳುಕುವ ಬಸ್ಸಿನ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಬರೀ ಬಾಯಿಂದಲೇ ದಾರಿ ಮಾಡಿಕೊಳ್ಳುತ್ತಿದ್ದ ಮನುಷ್ಯ. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ನಾಲಿಗೆ ಅರ್ಧ ಉಳಿಯಿತು. ಹಳೆಯ ಮನೆಯಲ್ಲಿದ್ದಾಗ ಆ ಅರ್ಧವೇ ಸಾಕಾಗಿತ್ತು. ಅಲ್ಲಿ ಬಾಗಿಲು ತೆರೆದರೆ ಬೀದಿ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇವನು, ಇವನ ಪಕ್ಕದಲ್ಲಿ ಇಸ್ತ್ರಿ ಮೇಜು. ಹೋಗಿಬರುವವರನ್ನೆಲ್ಲ ಅವನು ತಡೆದು ಮಾತಾಡಿಸುತ್ತಿದ್ದ. ಅವನು ಅರ್ಧ ಮಾತು ನುಂಗಿದರೆ ಉಳಿದರ್ಧವನ್ನು ಎದುರಿಗಿದ್ದವರು ಹೇಳುತ್ತಿದ್ದರು. ತಪ್ಪು ಹೇಳಿದರೆ ಎಡಗೈಯಲ್ಲಿ ಅವರ ತೊಡೆಗೆ ಹೊಡೆದು ಸರಿಮಾಡುತ್ತಿದ್ದ. ಚೀಟಿ ಹರಿಯುವ ಕೆಲಸ ಹೋದರೂ ಬಾಯಿಯ ಕೆಲಸ ಹೋಗಲಿಲ್ಲವೆಂದು ಅವನ ತಂಗಿ ಛೇಡಿಸುತ್ತಿದ್ದಳು.

ಮೇಲ್ಸೇತುವೆ ಬರುತ್ತದೆಂದು ಆ ಬೀದಿಯನ್ನೇ ಒರೆಸಿ ಹಾಕಿದರು. ಬದಲಿಗೆ ನಗರ ಮುಗಿದುಹೋಗುವ ಅಂಚಿನಲ್ಲಿ, ಹೆದ್ದಾರಿಯಾಚೆ, ಒಂದರ ಪಕ್ಕ ಒಂದು ಗೋಪುರ ನಿಲ್ಲಿಸಿ ಬೀಗದಕೈ ಕೊಟ್ಟರು. ಕೊಡುವ ದಿನ ಭಾಷಣವೂ ಆಯಿತು. "ಇನ್ಮೇಲೆ ನೀವು ತಲೆ ಎತ್ತಿ ಬಾಳ್ತೀರಿ" ಎಂದ ವೇದಿಕೆ ಮೇಲಿನವನು. ತಲೆ ಎತ್ತದೆ ಇನ್ನೇನು ಮಾಡುವುದು, ಕಿಟಕಿ ಇರುವುದೇ ಅಲ್ಲಿ.

ಮನೆ ಹೊಸದು, ಸುಳ್ಳು ಹೇಳಬಾರದು. ಸೋರುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆ. ಆದರೆ ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತದೆ, ಗಾಲಿಕುರ್ಚಿ ಹೊಸ್ತಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಗಂಡನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಜರುಗಿಸಿಕೊಂಡು ಹೋಗಿ ಬಾಗಿಲು ಮುಚ್ಚಬೇಕೆಂದರೆ ಇವಳು ಹೊರಗೆ ನಿಲ್ಲಬೇಕು. ಇವಳು ಒಳಗಿದ್ದರೆ ಬಾಗಿಲು ಮುಚ್ಚುವುದಿಲ್ಲ. ಮನೆಯಾಚೆ ಹಗಲಲ್ಲೂ ದೀಪ ಉರಿಯುವ ಉದ್ದನೆಯ ಓಣಿ, ಎರಡೂ ಬದಿಗೆ ಮುಚ್ಚಿದ ಬಾಗಿಲು. ಹಳೆಯ ಬೀದಿಯವರೂ ಇಂಥವೇ ಬಾಗಿಲುಗಳ ಹಿಂದೆ ಎಲ್ಲೋ ಇದ್ದರು, ಆದರೆ ಹಂಚುವಾಗ ಯಾರನ್ನೋ ಯಾವ ಗೋಪುರಕ್ಕೋ ಎಸೆದಿದ್ದರು. ನಾದಿನಿಯೇ ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಸಿಕ್ಕಿದ್ದು ದೊಡ್ಡ ಪುಣ್ಯ.

ಇಸ್ತ್ರಿ ಅಕ್ಕ ಮೊದಲ ವಾರವೇ ಮೇಜನ್ನು ಬಾಗಿಲಾಚೆ ಓಣಿಯಲ್ಲಿ ಹಾಕಿ, ಪಕ್ಕದಲ್ಲಿ ಗಂಡನನ್ನು ಕೂರಿಸಿದಳು. ಸಂಜೆಯೊಳಗೆ ಕಟ್ಟಡದ ಕಾರ್ಯದರ್ಶಿ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟವನೇ.

"ಓಣೀಲಿ ಏನೂ ಇಡೋ ಹಾಗಿಲ್ಲ ಅಕ್ಕ. ಓಡಾಡೋದಕ್ಕೆ ಮಾತ್ರ."

"ಓಡಾಡೋರು ಓಡಾಡ್ಲಿ. ಕೂರೋರು ಎಲ್ಲಿ ಕೂರಬೇಕು?"

"ಒಳಗೆ," ಎಂದ ಅವನು, ಅದಕ್ಕಿಂತ ಸುಲಭದ ಮಾತಿಲ್ಲವೆಂಬಂತೆ.

ಒಳಗೇ ಕೂರಿಸಿದಳು. ಅವನು ಗೋಡೆ ನೋಡುತ್ತ ಕೂತ. ಮೊದಮೊದಲು ಅರ್ಧ ಮಾತಾದರೂ ಬರುತ್ತಿತ್ತು. ಆಮೇಲೆ ಹೂಂ, ಊಹೂಂ. ಆಮೇಲೆ ಅದೂ ನಿಂತು ತಲೆ ಅಲ್ಲಾಡಿಸುವುದಷ್ಟೇ ಉಳಿಯಿತು. ಆಸ್ಪತ್ರೆಯ ವೈದ್ಯೆ ಅವನ ನಾಲಿಗೆ ನೋಡಿ, ಹಣೆ ಗಂಟಿಕ್ಕಿದಳು. "ಇವರನ್ನ ಮಾತಾಡಿಸ್ತಾ ಇರಿ. ನಾಲ್ಕು ಜನರ ಮಧ್ಯೆ ಇರಲಿ. ಬಳಸದೆ ಬಿಟ್ರೆ ಉಳಿದಿರೋ ಮಾತೂ ಹೋಗಿಬಿಡುತ್ತೆ, ಮತ್ತೆ ತರಿಸೋಕಾಗಲ್ಲ."

ನಾಲ್ಕು ಜನರನ್ನು ಎಲ್ಲಿಂದ ತರುವುದು? ಇಸ್ತ್ರಿ ಅಕ್ಕನಿಗೆ ನಯವಾಗಿ ಮಾತಾಡಿ ಅಭ್ಯಾಸವೇ ಇರಲಿಲ್ಲ, ಬೈದೇ ಅಭ್ಯಾಸ. ಬೈದಾದರೂ ಬಾಯಿ ಬಿಡಿಸೋಣವೆಂದು ಅವನನ್ನು ಬೈದಳು, ಅವನ ಅಪ್ಪನನ್ನು ಬೈದಳು, ಅವನ ಬಸ್ಸನ್ನೂ ಬಿಡಲಿಲ್ಲ. ಹಿಂದಾಗಿದ್ದರೆ ಒಂದಕ್ಕೆರಡು ತಿರುಗಿ ಬರುತ್ತಿತ್ತು. ಈಗ ಅವನು ಅವಳನ್ನೊಮ್ಮೆ ನೋಡಿ, ಮತ್ತೆ ಗೋಡೆಯತ್ತ ತಿರುಗಿದ. ಅವಳಿಗೆ ಅವತ್ತು ಕೆಟ್ಟ ಸಿಟ್ಟು ಬಂತು. ಗಂಡನ ಮೇಲಲ್ಲ, ಆ ಗೋಡೆಯ ಮೇಲೆ.

ಕಿಟಕಿಯನ್ನು ಇಳಿಸುವುದಕ್ಕಾಗದಿದ್ದರೆ ಗಂಡನನ್ನು ಏರಿಸುವುದೆಂದು ಅವಳು ಹಟ ತೊಟ್ಟಳು. ನಾದಿನಿಯನ್ನು ಕರೆಸಿ, ಇಸ್ತ್ರಿ ಮೇಜನ್ನು ಕಿಟಕಿಗೆ ಆನಿಸಿ, ಅದರ ಮೇಲೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ಅವನನ್ನು ಹತ್ತಿಸಿದರು. ಏರಿಸುವಾಗ ಇಬ್ಬರ ಸೊಂಟವೂ ಹಿಡಿದುಕೊಂಡಿತು. "ಅಣ್ಣನಿಗೆ ಸಿಂಹಾಸನ ಆಯ್ತು" ಎಂದು ನಾದಿನಿ ನಕ್ಕಳು. ಅವನು ಕಂಬಿಗೆ ಹಣೆಯಿಟ್ಟು ತುಂಬಾ ಹೊತ್ತು ಕೆಳಗೆ ನೋಡಿದ. ಆಮೇಲೆ ಎಡಗೈಯಿಂದ ಇಳಿಸಿರೆಂದು ಸನ್ನೆ ಮಾಡಿದ.

"ಯಾಕೆ, ಏನಾಯ್ತು?" ಎಂದು ಅವಳೂ ಕಂಬಿಗೆ ಮುಖ ಒತ್ತಿ ಕೆಳಗೆ ನೋಡಿದಳು. ಕೆಳಗೆ ಕತ್ತರಿಸಿಟ್ಟ ಹುಲ್ಲು, ಯಾರೂ ಕೂರದ ಕಲ್ಲುಬೆಂಚು, ಅಲ್ಲೊಂದು ಇಲ್ಲೊಂದು ತಲೆ. ಬರೀ ತಲೆ. ಮುಖವಿಲ್ಲ, ದನಿಯಿಲ್ಲ. ಅವಳ ಬಳಿಯೇ ಬಟ್ಟೆ ಕೊಡುವವರು ಹೋಗುತ್ತಿದ್ದರೂ ಯಾರೆಂದು ಅವಳಿಗೇ ಗೊತ್ತಾಗಲಿಲ್ಲ. ಇಷ್ಟು ದಿನ ಕಾಣಿಸದಿದ್ದುದೇ ತೊಂದರೆ ಎಂದುಕೊಂಡಿದ್ದಳು ಪೆದ್ದಿ. ಅಷ್ಟೆತ್ತರದಿಂದ ಕಂಡರೆ ಇನ್ನೂ ಕೆಟ್ಟದು. ಇಬ್ಬರೂ ಸೇರಿ ಅವನನ್ನು ಇಳಿಸಿದರು.

ಮಾರನೆಯ ದಿನ ಬಟ್ಟೆ ಗಂಟು ಹೊತ್ತು ಕೆಳಗಿಳಿದವಳ ಕಾಲು ಕಟ್ಟಡದ ತಳದಲ್ಲಿ ನಿಂತುಬಿಟ್ಟಿತು. ಅಲ್ಲಿ ನೆಲಮಹಡಿಯಲ್ಲಿ ಮನೆಗಳೇ ಇಲ್ಲ. ಬರೀ ಕಂಬ, ಕಂಬದ ನಡುವೆ ಹಳದಿ ಗೆರೆ ಎಳೆದ ಚೌಕ, ಪ್ರತಿ ಚೌಕದಲ್ಲೂ ಒಂದು ಮನೆಯ ಸಂಖ್ಯೆ. ಕಾರು ನಿಲ್ಲಿಸುವ ಜಾಗ. ಆ ಕಟ್ಟಡದಲ್ಲಿ ಕಾರಿದ್ದವರು ಯಾರೂ ಇರಲಿಲ್ಲ, ಸೈಕಲ್ಲಿದ್ದವರನ್ನು ಹುಡುಕಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ದಿನಾ ಅದನ್ನು ದಾಟಿಯೇ ಹೋಗುತ್ತಿದ್ದಳು, ಅವತ್ತು ಕಣ್ಣಿಗೆ ಬಿತ್ತು: ಎರಡೂ ಕಡೆಯಿಂದ ಗಾಳಿ, ಎದುರಿಗೆ ಗೇಟು, ಲಿಫ್ಟಿಗೆ ಹೋಗುವವರೆಲ್ಲ ಹಾಯುವ ದಾರಿ. ಮಳೆಗೆ ಮರೆ, ಬಿಸಿಲಿಗೆ ನೆರಳು. ಹುಟ್ಟದ ಕಾರಿಗೆ ಇಷ್ಟೆಲ್ಲ ಸುಖ, ಬದುಕಿರುವ ಮನುಷ್ಯನಿಗೆ ಗೋಡೆ! ಅವಳಿಗೆ ಪಿತ್ತ ನೆತ್ತಿಗೇರಿತು. ಅಲ್ಲೇ ಗಂಟು ಇಳಿಸಿ, ತನ್ನ ಮನೆಯ ಸಂಖ್ಯೆ ಹುಡುಕಿಕೊಂಡು ಅದರ ನಡುವೆ ನಿಂತಳು.

ಅವತ್ತೇ ಮೇಜು ಇಳಿಯಿತು, ಹಳೆಯ ಇದ್ದಿಲು ಪೆಟ್ಟಿಗೆ ಇಳಿಯಿತು, ಕೊನೆಗೆ ಗಂಡನೂ ಇಳಿದ. ಹಳದಿ ಗೆರೆಯೊಳಗೆ ಅವನ ಗಾಲಿಕುರ್ಚಿ, ಪಕ್ಕದಲ್ಲಿ ಇವಳು. ಮೊದಲ ದಿನ ಅವನು ಬಿಟ್ಟ ಕಣ್ಣು ಬಿಟ್ಟಂತೆ ಗೇಟನ್ನೇ ನೋಡಿದ. ಹಾಲು ತರುವವನು ನಿಂತು, "ಏನ್ ಕಂಡಕ್ಟರ್ರೇ, ಎಲ್ಲಿ ಮಾಯ ಆಗಿದ್ರಿ?" ಎಂದ. ಅವನು ಬಾಯಿ ತೆರೆದ, ಏನೂ ಬರಲಿಲ್ಲ, ಮುಚ್ಚಿಕೊಂಡ. ಆದರೆ ಕೆಲವು ದಿನ ಕಳೆದ ಮೇಲೆ ಹೂಂ ಬಂತು. ಆಮೇಲೆ "ಬಾ" ಬಂತು. ಹಿಂದಿನ ಬೀದಿಯ ದರ್ಜಿ ಬೇರೆ ಗೋಪುರದಿಂದ ಸುದ್ದಿ ಕೇಳಿ ಬಂದಾಗ, ಗಂಡ ಅವನ ತೊಡೆಗೆ ಎಡಗೈಯಲ್ಲಿ ಹೊಡೆದು, ಅರ್ಧ ಹೆಸರು ಹೇಳಿ ಕೂಗಿದ. ದರ್ಜಿ ಅಳುತ್ತ ನಕ್ಕ. ಇಸ್ತ್ರಿ ಅಕ್ಕ ಮಾತ್ರ ಅಳಲಿಲ್ಲ. ಅಂಗಿಯ ಕಾಲರಿಗೆ ಬೇಡದಷ್ಟು ಹೊತ್ತು ಪೆಟ್ಟಿಗೆ ಒತ್ತಿ ಸುಟ್ಟುಹಾಕಿದಳು.

ಅವರನ್ನು ನೋಡಿ ಮತ್ತೊಬ್ಬರು ಇಳಿದರು. ದರ್ಜಿ ತನ್ನ ಗೋಪುರದ ಚೌಕಕ್ಕೆ ಹೊಲಿಗೆ ಯಂತ್ರ ತಂದ. ನಾದಿನಿ ತರಕಾರಿ ಹೆಚ್ಚುವ ಮಣೆ ಹಿಡಿದು ಬಂದು ಅಣ್ಣನ ಪಕ್ಕ ಕೂತಳು. ಮುದುಕಿಯರು ಚಾಪೆ ಹಾಸಿದರು. ನಕ್ಷೆ ಬರೆದವನು ಮರೆತಿದ್ದ ಬೀದಿ ತಾನಾಗಿಯೇ ಬಂದು ಕೂತಿತು.

ಕಾರ್ಯದರ್ಶಿ ಮತ್ತೆ ಬಂದ.

"ಇದು ವಾಹನದ ಜಾಗ ಅಕ್ಕ. ನಿಮ್ಮ ವಾಹನ ಇದ್ರೆ ಧಾರಾಳವಾಗಿ ನಿಲ್ಲಿಸಿ."

"ವಾಹನ ಇಲ್ಲ. ಮನುಷ್ಯ ಇದಾನೆ."

"ಮನುಷ್ಯರಿಗೆ ಮೇಲೆ ಮನೆ ಕೊಟ್ಟಿದೆಯಲ್ಲ."

"ನೀನೊಂದು ದಿನ ಅಲ್ಲಿ ಕೂತು ಬಾ ಮಾರಾಯ, ಆಮೇಲೆ ಮಾತಾಡೋಣ."

"ನನ್ನ ಕೈಲೇನಿದೆ? ಮೇಲಧಿಕಾರಿಗಳು ನೋಡೋಕೆ ಬರ್ತಾರೆ. ಜಾಗ ಖಾಲಿ ಇರಬೇಕು, ಚೆನ್ನಾಗಿ ಕಾಣಬೇಕು." ಅವನ ದನಿಯಲ್ಲಿ ಕೆಡುಕು ಇರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಮೈ ಉರಿಸಿತು. ಕೆಟ್ಟವನಾದರೆ ಶಾಪ ಹಾಕಬಹುದಿತ್ತು. ಇವನು ಬರೀ ಖಾಲಿ ಜಾಗ ಚೆಂದವೆಂದು ನಂಬಿದ್ದ.

ಕೆಲವೇ ದಿನಗಳಲ್ಲಿ ಕೆಲಸಗಾರರು ಬಂದರು. ಪ್ರತಿ ಚೌಕದ ಬಾಯಿಗೆ ಕಬ್ಬಿಣದ ಗೂಟ ನೆಟ್ಟು ಸರಪಳಿ ಬಿಗಿಯುತ್ತ ಬಂದರು; ಕಾರು ತಂದು ತೋರಿಸಿದವರಿಗೆ ಮಾತ್ರ ಬೀಗದಕೈಯಂತೆ. ಚಾಪೆಗಳು ಸುತ್ತಿಕೊಂಡವು. ಇಸ್ತ್ರಿ ಅಕ್ಕ ಕೆಂಡದ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಅಡ್ಡ ನಿಂತಳು. ಬಾಯಿಗೆ ಬಂದದ್ದೆಲ್ಲ ಬೈದಳು. ನಕ್ಷೆಯವನನ್ನು, ಭಾಷಣದವನನ್ನು, ಅವರನ್ನು ಹೆತ್ತವರನ್ನು, ಗೂಟವನ್ನು. ಗೂಟ ನೆಡುವವನು ಬೆವರೊರೆಸಿಕೊಂಡು, "ನಾನೂ ಇಂಥದ್ದೇ ಕಟ್ಟಡದಲ್ಲಿ ಇರೋದು ಅಕ್ಕ, ಹನ್ನೊಂದನೇ ಮಹಡಿ" ಎಂದ. ಅವಳು ಪೆಟ್ಟಿಗೆಯನ್ನು ಕೆಳಗಿಳಿಸಿದಳು. ಕಾರ್ಯದರ್ಶಿ ಇಬ್ಬರು ಕಾವಲುಗಾರರನ್ನು ಕರೆಸಿದ. ಅವರು ಮೇಜನ್ನು ಎತ್ತಿ ಲಿಫ್ಟಿನ ಬಳಿ ಇಟ್ಟರು. ಇನ್ನು ಉಳಿದದ್ದು ಗಾಲಿಕುರ್ಚಿ.

ಆಗ ಅವನು ಮಾತಾಡಿದ. ಅರ್ಧ ಮಾತಲ್ಲ. ನಾಲಿಗೆ ತೊದಲಿತು, ಕತ್ತಿನ ನರ ಉಬ್ಬಿತು, ಆದರೆ ಪ್ರತಿ ಅಕ್ಷರವೂ ಗೇಟಿನವರೆಗೆ ಕೇಳಿಸಿತು.

"ನಾನು ಮೇಲಕ್ಕೆ ಹೋಗಲ್ಲ."

ಎಲ್ಲರೂ ತಿರುಗಿದರು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಇಂಥ ಒಂದು ಪೂರ್ತಿ ಮಾತಿಗಾಗಿ ಇಸ್ತ್ರಿ ಅಕ್ಕ ಎಷ್ಟು ಬೈದಿದ್ದಳು, ಎಷ್ಟು ಗೋಗರೆದಿದ್ದಳು, ಯಾವ ಯಾವ ದೇವರಿಗೆ ಕೈಮುಗಿದಿದ್ದಳು. ಬಂದೇ ಬಂತು. ಅವಳು ಅವನ ಮುಖ ನೋಡಲಿಲ್ಲ. ಪೆಟ್ಟಿಗೆಯ ಕೆಂಡವನ್ನು ಆ ಹಳದಿ ಗೆರೆಯ ಮೇಲೆ ಸುರಿದು, ನೀರು ಚೆಲ್ಲಿ ಆರಿಸಿದಳು. ಕುರ್ಚಿಯ ಹಿಡಿ ಹಿಡಿದು ತಳ್ಳಿದಳು.

ಲಿಫ್ಟಿನ ಬಾಗಿಲು ಮುಚ್ಚಿತು. ಒಳಗೆ ಅವನು ಮತ್ತೆ ಅದನ್ನೇ ಹೇಳಿದ, ಈ ಸಲ ಇನ್ನೂ ಸ್ಪಷ್ಟವಾಗಿ. ಅವಳು ಒಂಬತ್ತನ್ನು ಒತ್ತಿದಳು.