ಚಟ್ಟವೋ ಪಲ್ಲಕ್ಕಿಯೋ

ನಿಟ್ಟೂರಿನ ಮುದ್ದಯ್ಯನಿಗೆ ದನದ ಸುಳಿ ನೋಡುವುದರಲ್ಲಿ ದೊಡ್ಡ ಹೆಸರು. ಗುಬ್ಬಿಯಿಂದ ಕುಣಿಗಲ್‌ವರೆಗೆ ಯಾರೇ ಎತ್ತು ಕೊಳ್ಳಲಿ, ಮೈಮೇಲೆ ಕೂದಲು ಸುತ್ತಿಕೊಂಡ ಜಾಗಕ್ಕೆ ಅವನು ಬೆರಳಿಟ್ಟು, ಇದು ಒಳ್ಳೆಯ ಸುಳಿ, ಇದು ಕೆಟ್ಟದ್ದು ಎಂದು ಹೇಳುವ ತನಕ ಹಗ್ಗ ಕೈ ಬದಲಾಗುತ್ತಿರಲಿಲ್ಲ. ದನಕ್ಕಂತೂ ತನ್ನ ಬೆನ್ನ ಮೇಲೇನಿದೆಯೆಂದು ಗೊತ್ತಿಲ್ಲ, ಪಾಪ, ಮೆಲುಕು ಹಾಕುತ್ತಾ ನಿಂತಿರುತ್ತಿತ್ತು. ಮುದ್ದಯ್ಯನಿಗೆ ಮಾತ್ರ ಎಲ್ಲವೂ ಗೊತ್ತೆಂಬ ಜಂಬ.

೧೯೭೪ರ ಬೇಸಿಗೆಯಲ್ಲಿ ಚೇಳೂರಿನಿಂದ ಕರೆ ಬಂತು. ತಿಪ್ಪಮ್ಮನ ಮಗ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದ. ಯಾಕೆ ಹೀಗಾಯಿತೆಂದು ತಿಳಿಯಬೇಕಿತ್ತು ಅವಳಿಗೆ. ಕೊಟ್ಟಿಗೆಯಲ್ಲಿದ್ದ ಬಿಳಿ ಎತ್ತನ್ನು ತೋರಿಸಿದಳು. ಸೊಸೆ ಕರಿಬಸಮ್ಮನಿಗೆ ಮದುವೆಯಲ್ಲಿ ತವರಿನವರು ಬಳುವಳಿ ಕೊಟ್ಟ ಕರು, ಅವಳ ಕೈಯಲ್ಲೇ ಹುಲ್ಲು ತಿಂದು ಬೆಳೆದದ್ದು. ಎಡಗಿವಿಯ ಅಂಚು ಹರಿದಿತ್ತು. ಬೆನ್ನ ಮೇಲೆ ಎರಡು ಸುಳಿ, ನಡುವೆ ಉದ್ದಕ್ಕೆ ಒಂದು ಗೆರೆ. ಸೇರಿದ್ದವರೆಲ್ಲ ಮುದ್ದಯ್ಯನ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎಂದು ಹೇಳಿ ಅವನಿಗೆ ರೂಢಿಯೇ ಇರಲಿಲ್ಲ.

“ಚಟ್ಟದ ಸುಳಿ ಕಣಮ್ಮ,” ಎಂದ.

“ತವರಿಂದ ಚಟ್ಟ ಹೊಡ್ಕಂಡ್ ಬಂದ್ಯಲ್ಲೇ! ನನ್ ಮಗನ್ನ ತಿಂದ್ಕಂಡ್ಯಲ್ಲೇ!” ಎಂದು ತಿಪ್ಪಮ್ಮ ಸೊಸೆಯ ಮೇಲೆ ಬಿದ್ದಳು.

ಎತ್ತು ದಲ್ಲಾಳಿಯ ಪಾಲಾಯಿತು. ವಾರದೊಳಗೆ ಕರಿಬಸಮ್ಮನನ್ನೂ ಹೊರಗೆ ಹಾಕಿದರು. ತವರಿನವರೂ ಒಳಗೆ ಕರೆಯಲು ಹಿಂದೆ ಮುಂದೆ ನೋಡಿದರಂತೆ. ತುಮಕೂರಿನಲ್ಲಿ ಊದುಬತ್ತಿ ಹೊಸೆದುಕೊಂಡಿದ್ದಾಳೆ ಎಂದು ಯಾರೋ ಹೇಳಿದಾಗ ಮುದ್ದಯ್ಯ ಲೊಚಗುಟ್ಟಿದ. ತನ್ನ ಮಾತು ನಿಜವಾಯಿತಲ್ಲ ಎಂಬ ಸಣ್ಣ ಸಮಾಧಾನವೂ ಇತ್ತು. ಅದನ್ನು ನೆನೆದರೆ ಆಮೇಲೆ ಅವನಿಗೇ ಅಸಹ್ಯವಾಗುತ್ತಿತ್ತು.

ಏಳು ವರ್ಷದ ಮೇಲೆ ಕುಣಿಗಲ್‌ನ ರಾಮಾಂಜಿನಯ್ಯ ಹೊಸ ಹಸು ನೋಡಲು ಕರೆಸಿದ. ಅವನ ಅಂಗಳದಲ್ಲಿ ಹಣೆಗೆ ಕುಂಕುಮವಿಟ್ಟ ಬಿಳಿ ಎತ್ತೊಂದು ನಿಂತಿತ್ತು.

“ಗ್ಯಾಪಕ ಐತಾ ಮುದ್ದಣ್ಣ? ನಮ್ಮ ಗೃಹಪ್ರವೇಶದ ದಿನ ನೋಡಿ ನೀವೇ ಹೇಳಿದ್ರಿ, ಪಲ್ಲಕ್ಕಿ ಸುಳಿ, ಮನೆ ಮೆರೀತದೆ ಅಂತ. ಚೇಳೂರಿನ ಮಾಲು. ಅವತ್ತಿಂದ ಹಿಂದುಕ್ ತಿರುಗಿ ನೋಡಿಲ್ಲ ನಾವು,” ಎಂದ ರಾಮಾಂಜಿನಯ್ಯ.

ಮುದ್ದಯ್ಯ ಎತ್ತಿನ ಎಡಗಿವಿ ಹಿಡಿದು ನೋಡಿದ. ಅಂಚು ಹರಿದಿತ್ತು. ಅದೇ ಎರಡು ಸುಳಿ, ಅದೇ ಗೆರೆ. ಸಾವಿನ ಮನೆಯಲ್ಲಿ ಚಟ್ಟ ಕಂಡಿತ್ತು, ಅದೇ ವರ್ಷ ಒಬ್ಬಟ್ಟಿನ ಮನೆಯಲ್ಲಿ ಪಲ್ಲಕ್ಕಿ ಕಂಡಿತ್ತು. ಎರಡನ್ನೂ ನಾಲ್ಕು ಜನ ಹೆಗಲ ಮೇಲೆಯೇ ಹೊರುವುದು. ಒಂದು ಹೆಸರನ್ನು ಕೆಟ್ಟದ್ದೆಂದು ಕರೆದಿದ್ದರಿಂದಲೇ ಇನ್ನೊಂದು ಹೆಸರು ಒಳ್ಳೆಯದಾಗಿತ್ತು. ಇಷ್ಟು ದಿನ ಅವನು ಎತ್ತನ್ನು ನೋಡಿಯೇ ಇರಲಿಲ್ಲ, ಎದುರಿಗಿದ್ದವರ ಮುಖ ನೋಡಿ ಹೆಸರಿಡುತ್ತಿದ್ದ. ನಾಚಿಕೆಯಾಯಿತು. ಹಸುವನ್ನು ಮುಟ್ಟದೆ ತುಮಕೂರಿನ ಬಸ್ಸು ಹತ್ತಿದ.

ಊದುಬತ್ತಿ ಹೊಸೆಯುವವರನ್ನು ವಿಚಾರಿಸುತ್ತಾ ಹೋದರೆ, ಒಂದು ವಠಾರದ ಕಟ್ಟೆಯ ಮೇಲೆ ಕರಿಬಸಮ್ಮ ಮಣೆ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದಳು. ಗುರುತು ಹಿಡಿದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ.

“ಬದುಕೈತಾ ಅದು?” ಎಂದು ಅವಳು ಮೊದಲು ಕೇಳಿದಳು.

“ಐತೆ ತಾಯಿ. ಚೆನ್ನಾಗೈತೆ. ನಾನು ಚೇಳೂರಿಗೋಗಿ ನಿಮ್ಮತ್ತೆ ಮುಂದೆ ತಪ್ಪಾಯ್ತು ಅಂತ ಹೇಳ್ತೀನಿ.”

“ಅತ್ತೆ ಹೋಗಿ ಮೂರು ವರ್ಸ ಆಯ್ತು ಮುದ್ದಯ್ನೋರೆ. ಅವ್ರು ಅಂದಿದ್ನ ನಾನು ಮೊದ್ಲು ನಂಬಿರ್ಲಿಲ್ಲ. ಆಮೇಲಾಮೇಲೆ ನಂಬ್ದೆ. ಈ ವಠಾರ್ದಾಗೆ ಯಾರ್ಗಾದ್ರೂ ಜ್ವರ ಅಂದ್ರೆ ಅವ್ರ ಬಾಗ್ಲು ತುಳಿಯಲ್ಲ ನಾನು.”

“ಅಯ್ಯೋ, ಅದು ಚಟ್ಟ ಅಲ್ಲ ತಾಯಿ, ಅದು ಪಲ್ಲ...” ಎನ್ನುತ್ತಲೇ ಮುದ್ದಯ್ಯ ನಾಲಿಗೆ ಕಚ್ಚಿಕೊಂಡ. ಮತ್ತೆ ಹೆಸರಿಡಲು ಹೊರಟಿದ್ದ.

“ಇನ್ನೇನದು?” ಎಂದಳು.

ಅವನು ತಲೆ ತಗ್ಗಿಸಿದ. “ಕೂದ್ಲು. ಬರೀ ಕೂದ್ಲು.”

ಕರಿಬಸಮ್ಮನ ಕೈ ನಿಂತಿತು.

“ಬರೀ ಕೂದ್ಲಿಗಾ ನನ್ನ ಮನೆ ಬುಡ್ಸಿದ್ದು ನೀವು?”