ಬೋರಿನ ಬಾಯಿ ಕಾದ ಅವ್ವ

ನಾನು ಹುಕ್ಕೇರಿಯವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಸುಳ್ಳೇನಲ್ಲ. ನನ್ನ ಹೊಟ್ಟೆಪಾಡು ಬೋರುಗಳದು. ಕೊರೆದ ಬೋರಿನೊಳಗೆ ತಂತಿಗೆ ಕಟ್ಟಿದ ಉದ್ದನೆಯ ಉಪಕರಣ ಇಳಿಸಿ, ಕೆಳಗೆ ಎಂಥ ಕಲ್ಲಿದೆ, ಯಾವ ಪದರಿನಲ್ಲಿ ನೀರಿದೆ ಎಂದು ನೋಡುತ್ತೇವೆ. ಆ ಉಪಕರಣದ ಹೊಟ್ಟೆಯಲ್ಲಿ ಬೆರಳ ತುದಿಯಷ್ಟು ಉಕ್ಕಿನ ಗುಳಿಗೆ ಇರುತ್ತದೆ, ಅದರೊಳಗೆ ವಿಕಿರಣ ಸೂಸುವ ವಸ್ತು. ಆಳದಲ್ಲಿದ್ದರೆ ಮೇಲಿನವರಿಗೆ ಏನೂ ಆಗದು, ಸುತ್ತಲಿನ ಕಲ್ಲೇ ಅದಕ್ಕೆ ಗೋಡೆ. ಗೊತ್ತಿಲ್ಲದೆ ಅದನ್ನು ಕೈಯಲ್ಲಿ ಹಿಡಿದವನ ಗತಿ ಮಾತ್ರ ಕೇಳಬೇಡಿ.

ಕೆಲವು ವರ್ಷಗಳ ಹಿಂದೆ ಗೋಕಾಕ ತಾಲೂಕಿನ ಮಮದಾಪುರದ ಕಡೆ, ಒಂದು ಕಬ್ಬಿನ ಹೊಲದಲ್ಲಿ ಆ ಉಪಕರಣ ಸಿಕ್ಕಿಹಾಕಿಕೊಂಡಿತು. ಬೋರಿನ ಗೋಡೆ ಕುಸಿದು ಅದನ್ನು ಕಚ್ಚಿ ಹಿಡಿದಿತ್ತು. ಮೆಲ್ಲಗೆ ಎಳೆದೆವು, ಬಿಟ್ಟೆವು, ಮತ್ತೆ ಎಳೆದೆವು. ಕೊನೆಗೆ ತಂತಿ ಮಾತ್ರ ಕಿತ್ತು ಬಂತು. ಇನ್ನೂ ಜಗ್ಗಾಡಿದರೆ ಗುಳಿಗೆ ಒಡೆದು ನೀರಿಗೆ ಸೇರುವ ಭಯ. ಹೀಗಾದಾಗ ದಾರಿ ಒಂದೇ: ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಅದನ್ನು ಅಲ್ಲೇ ಬಿಟ್ಟು, ಸಿಮೆಂಟಿನಲ್ಲಿ ಹೂಳಿಬಿಡುವುದು. ಅಲ್ಲಿಗೆ ಆ ಬೋರಿನ ಕಥೆ ಮುಗಿದಂತೆ.

ಹೊಲದ ಒಡತಿ ಐವತ್ತು ದಾಟಿದವರು. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ಕಬ್ಬು ಬೆಳೆಯುತ್ತಿದ್ದರು. ಅವರನ್ನು ನಾನು ಅವ್ವ ಎಂದೇ ಕರೆಯುತ್ತಿದ್ದೆ. ಬೋರು ಹೋಯಿತು ಎಂದು ಹೇಳುವಾಗ ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ, “ನಮ್ಮ ಕುಡಿಯೂ ಬಾವಿಗೇನೂ ಆಗೂದಿಲ್ಲಲ್ರಿ?”

“ಗುಳಿಗಿ ಒಡದಿಲ್ಲಬೇ ಅವ್ವಾ. ಮ್ಯಾಲ ಬಂದ ತಂತಿ, ರಾಡಿ ಎಲ್ಲಾ ವಿಕಿರಣದ ಮೀಟರ್ ಹಿಡದು ನೋಡೇವಿ, ಏನೂ ತೋರಿಸಿಲ್ಲ. ಆದ್ರೂ ಬಾವಿ ನೀರು ಪರೀಕ್ಷಾ ಮಾಡಸ್ತೇವಿ. ಸಿಮೆಂಟ್ ಹಾಕೂತನಕಾ ಬೋರಿನ ಬಾಜೂಕ ಯಾರನ್ನೂ ಬಿಡಬ್ಯಾಡ್ರಿ, ಆ ಗುಳಿಗಿ ಮುಟ್ಟಿದಾಂವನ ಕೈ ಉಳಿಯೂದಿಲ್ಲ.”

ಒಪ್ಪಿಗೆ ಬಂದ ದಿನ ಬೋರಿನ ಬಾಯಿಗೆ ಮುಚ್ಚಳ ಹಾಕಿ, ಜೊತೆಗಾರನೊಬ್ಬನನ್ನು ಕಾವಲಿಗೆ ಬಿಟ್ಟು, ಸಿಮೆಂಟು ತರಲು ಮೂಡಲಗಿಗೆ ಹೋದೆ. ಅಂಗಡಿಯಲ್ಲಿ ಇರುವಾಗಲೇ ಅವನ ಫೋನು ಬಂತು: ಮಂದಿ ಸೇರ್ಯಾರ, ಲಗೂನ ಬರ್ರಿ.

ಏನಾಗಿದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಒಬ್ಬರ ಬೋರಿನಲ್ಲಿ ಮೋಟರು ಬಿದ್ದರೆ ಸುತ್ತಲಿನ ಹೊಲದವರೆಲ್ಲ ಕರೆಯದೆ ಬರುತ್ತಾರೆ. ಮುಕ್ಕಾಲಿ ಹೂಡಿ, ಚೈನ್ ಪುಲ್ಲಿ ಕಟ್ಟಿ, ಗಾಳ ಇಳಿಸಿ, ಬಿದ್ದದ್ದನ್ನು ಎತ್ತುವ ತನಕ ಊಟಕ್ಕೂ ಏಳುವುದಿಲ್ಲ. ಇಂಥ ಮಂದಿಯ ನಡುವೆ ಹುಟ್ಟಿದ್ದು ನನ್ನ ಪುಣ್ಯ. ಅವತ್ತು ಮಾತ್ರ ಆ ಒಳ್ಳೆಯತನಕ್ಕೇ ಹೆದರಿದೆ.

ಓಡೋಡಿ ಬಂದು ನೋಡಿದರೆ, ಬಾಜೂ ಹೊಲದವನು ಟ್ರ್ಯಾಕ್ಟರಿನಲ್ಲಿ ಪುಲ್ಲಿ ಹೇರಿಕೊಂಡು ಬಂದಿದ್ದ. ಅವ್ವ ಬೋರಿನ ಮುಚ್ಚಳದ ಮೇಲೆ ಸೆರಗು ಬಿಗಿದು ಕುಳಿತುಬಿಟ್ಟಿದ್ದರು. ಯಾರನ್ನೂ ಹತ್ತಿರ ಬಿಡಬೇಡಿ ಎಂದರೆ ಇವರೇ ಮೇಲೆ ಹತ್ತಿ ಕುಳಿತಿದ್ದಾರೆ!

“ವೈನಿ, ಏಳ್ರಿ. ತಾಸಿನ್ಯಾಗ ಎತ್ತಿ ಕೈಯಾಗ ಕೊಡ್ತೇನಿ. ಇವರಿಗೆ ಎತ್ತಾಕ ಬರೂದಿಲ್ಲಂತ ನಿಮ್ಮ ಬೋರು ಯಾಕ ಮುಚ್ಚಬೇಕು?” ಅನ್ನುತ್ತಿದ್ದ ಅವನು, ಅವ್ವನನ್ನು ಅತ್ತಿಗೆ ಎಂದು ಕರೆಯುವ ಸಲಿಗೆಯಲ್ಲಿ.

“ನೀ ಕೈಯಾಗ ಕೊಡ್ತಿ, ಖರೆ. ಆಮ್ಯಾಲ ನಿನ್ನ ಕೈ ನಾ ಎಲ್ಲಿಂದ ತರ್ಲಿ?” ಅಂದರು ಅವ್ವ. “ಬೋರು ಹೋದ್ರ ಹೋಗ್ಲಿ, ತಮ್ಮಾ. ನೀ ಇರಬೇಕು.”

ನಾನು ಗಂಟಲು ಹರಿಯುವಂತೆ ಕೂಗಿ ಎಲ್ಲರನ್ನೂ ಹಿಂದೆ ಸರಿಸಿದೆ. ಅವನಿಗೆ ಅವಮಾನವಾಯಿತು. “ಉಪಕಾರ ಮಾಡಾಕ ಬಂದದ್ದ ತಪ್ಪಾತೇನ್ರಿ?” ಎಂದು ಟ್ರ್ಯಾಕ್ಟರು ತಿರುಗಿಸಿಕೊಂಡು ಹೋದ. ನಾವು, ಮುಂದೆ ಯಾರಾದರೂ ಕೊರೆದರೆ ಎಚ್ಚರವಾಗಲೆಂದು ಕೆಂಪು ಬಣ್ಣ ಕಲೆಸಿದ ಸಿಮೆಂಟು ಇಳಿಸಿ ಬೋರು ತುಂಬಿದೆವು. ಇಲ್ಲಿ ಯಾರೂ ಕೊರೆಯಬಾರದು ಎಂದು ಕೆತ್ತಿಸಿದ ಉಕ್ಕಿನ ಫಲಕ ಮೇಲೆ ಕೂರಿಸಿದೆವು.

ಕಷ್ಟ ಶುರುವಾದದ್ದು ಅದಾದ ಮೇಲೆ. ಅವ್ವನ ಮನೆಯ ಬಾವಿ ನೀರಿಗೆ ವಿಷ ಇಳಿದಿದೆ ಎಂದು ಸುದ್ದಿ ಹಬ್ಬಿತು. ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುವ ಸೀಮೆ ನಮ್ಮದು. ಜನ ಬೆಲ್ಲ ಬಾಯಿಗೆ ಹಾಕಿಕೊಂಡು, ತಂಬಿಗೆ ಮುಟ್ಟದೆ ಏಳತೊಡಗಿದರು. “ಈಗ ಕುಡದ ಬಂದೇನ್ರಿ ಅಂತಾರ, ಎಲ್ಲಾರೂ ಈಗ ಕುಡದ ಬಂದಿರ್ತಾರೇನಪಾ?” ಎಂದು ಅವ್ವ ನನ್ನನ್ನು ಕೇಳಿದರು. ಬೋರು ಕಳೆದುಕೊಂಡಾಗ ಗಟ್ಟಿಯಾಗಿದ್ದ ದನಿ ಆಗ ಇಳಿದಿತ್ತು.

ಬಾವಿಯ ನೀರು ಪರೀಕ್ಷೆಯಲ್ಲಿ ಶುದ್ಧ ಎಂದೇ ಬಂತು. ಮನೆಮನೆಗೆ ಹೋಗಿ ಹೇಳಿದೆ. “ಮೀಟರೂ ನಿಮ್ಮದ, ಮಾತೂ ನಿಮ್ಮದ” ಎಂದರು. ಎಲ್ಲರೆದುರು ಗಟಗಟ ಕುಡಿದು ತೋರಿಸಿದೆ. “ಪಗಾರ ತಗೊಳ್ಳಾಂವ, ಕುಡೀತಾನ” ಎಂದು ನಕ್ಕರು. ಮೈಯೆಲ್ಲ ಉರಿಯಿತು. ಆದರೆ ಉರಿದು ಏನು ಮಾಡಲಿ?

ಹೊಲದ ಇನ್ನೊಂದು ಮೂಲೆಯಲ್ಲಿ ನಮ್ಮ ಕಂಪನಿಯವರು ಅವ್ವನಿಗೆ ಹೊಸ ಬೋರು ಕೊರೆಸಿಕೊಟ್ಟರು. ನೀರು ಚಿಮ್ಮಿದ ದಿನ ನೋಡಲು ಮಂದಿ ನೆರೆದರು. ಅವ್ವನ ಅಂಗಳಕ್ಕೆ ಮಾತ್ರ ಯಾರೂ ಬರಲಿಲ್ಲ. ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಮುನಿಸಿಕೊಂಡು ಹೋದ ಬಾಜೂ ಹೊಲದವನು ಇಳಿದು, ಅಷ್ಟೂ ಮಂದಿಯನ್ನು ದಾಟಿ ಬಂದು ಅವ್ವನ ಕಟ್ಟೆಯ ಮೇಲೆ ಕುಳಿತ.

“ನೀರಡಿಕಿ ಆಗೇತ್ರಿ ವೈನಿ. ಬಾವಿ ನೀರ ಕೊಡ್ರಿ.”

ಅವ್ವ ತಂಬಿಗೆ ತಂದರು. ಅವನು ತಲೆಯೆತ್ತಿ, ಒಂದು ಹನಿ ಬಿಡದೆ ಕುಡಿದು, ಖಾಲಿ ತಂಬಿಗೆ ಮುಂದೆ ಚಾಚಿದ.

“ಇನ್ನೊಂದು ತುಂಬಿ ಕೊಡ್ರಿ. ಟ್ರ್ಯಾಕ್ಟರಿನ್ಯಾಗ ನಮ್ಮಾಕಿ ಕುಂತಾಳ, ಕೂಸಿಗೂ ಕುಡಸ್ತಾಳ.”

ಆಗ ಅವ್ವ ಅತ್ತರು. ನಾನು ಆ ಮನುಷ್ಯನಿಗೆ ಎರಡೂ ಕೈ ಜೋಡಿಸಿದೆ. ಅವನು ನನ್ನ ಕಡೆ ನೋಡಲಿಲ್ಲ. ತುಂಬಿದ ತಂಬಿಗೆ ಹಿಡಿದು, ಚೆಲ್ಲದ ಹಾಗೆ ಮೆಲ್ಲಗೆ ಹೆಂಡತಿಯ ಕಡೆ ನಡೆದ.